ಹಿಂಬರಹ ಬಂತೆಂದು ಕಾಗದ ಕಟ್ಟಿಡಬೇಡ

ತಮ್ಮಾ,

ನಾಡಕಚೇರಿಯಿಂದ ಬಂದ ಹಿಂಬರಹವನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟಿದ್ದೀಯಂತೆ, ನಿನ್ನ ಅಮ್ಮ ಹೇಳಿದರು. ಅದನ್ನು ಹೊರಗೆ ತೆಗೆ. ಅದರ ಜೊತೆಗೆ ತೋಟದವರ ವಕೀಲರು ಕಳಿಸಿದ ಉತ್ತರವನ್ನೂ ತೆಗೆ. ಎರಡನ್ನೂ ಇನ್ನೊಮ್ಮೆ ಓದು. ಸಿಟ್ಟು, ಸಂಕಟ ಬದಿಗಿಟ್ಟು, 'ಇವರು ಕೊಟ್ಟ ಕಾರಣ ಏನು' ಎಂದಷ್ಟೇ ಕೇಳಿಕೊಂಡು ಓದು.

ಕೋರ್ಟಿನ ಕಚೇರಿಯಲ್ಲಿ ಕಡತ ನೋಡುತ್ತಲೇ ಕೂದಲು ಹಣ್ಣಾದವನು ನಾನು. 'ತಿರಸ್ಕರಿಸಲಾಗಿದೆ' ಎಂಬ ಒಂದು ಪದ ಕಂಡೊಡನೆ ನಮ್ಮ ಜನ ಕಾಗದ ಕಟ್ಟಿ ಅಟ್ಟಕ್ಕೆ ಹಾಕುತ್ತಾರೆ. ಅದರ ಕೆಳಗೆ ಬರೆದ ಕಾರಣವನ್ನು ಓದುವುದಿಲ್ಲ. ಮೇಲ್ಮನವಿ ಅಂದರೆ ಆ ಕಾರಣಕ್ಕೆ ಕೊಡುವ ಉತ್ತರ. ಕಾರಣವೇ ಗೊತ್ತಿಲ್ಲದಿದ್ದರೆ ಉತ್ತರ ಎಲ್ಲಿಂದ ಬರಬೇಕು?

ನಿನ್ನ ಕೈಯಲ್ಲಿರುವ ಎರಡು ಕಾಗದ ಎರಡು ಬೇರೆ ದಾರಿಯವು. ನಾಡಕಚೇರಿಯದು ಸರ್ಕಾರದ ಮಾಸಾಶನದ ವಿಷಯ: ನಿನ್ನ ಅಪ್ಪಯ್ಯನ ವೈಕಲ್ಯ ಶೇ 35, ಮಾಸಾಶನಕ್ಕೆ ಶೇ 40 ಬೇಕು, ಆದ್ದರಿಂದ ಇಲ್ಲ. ವಕೀಲರದು ಕೆಲಸದಲ್ಲಿ ಪೆಟ್ಟಾದದ್ದಕ್ಕೆ ಮಾಲೀಕರು ಕೊಡಬೇಕಾದ ಪರಿಹಾರದ ವಿಷಯ: ಅವರು ನಮ್ಮ ಖಾಯಂ ಆಳಲ್ಲ, ತೋಟದ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ ಕೊಟ್ಟಿತ್ತು, ಆದ್ದರಿಂದ ಇಲ್ಲ. ಒಂದು ಕಡೆ ಇಲ್ಲ ಅಂದದ್ದು ಇನ್ನೊಂದು ಕಡೆಗೆ ತಾಗುವುದೇ ಇಲ್ಲ. ನೀನು ಎರಡನ್ನೂ ಒಂದೇ ಸೋಲು ಎಂದು ಎಣಿಸಿ ಕೂತಿದ್ದೀಯ.

ದೊಡ್ಡದನ್ನೇ ಮೊದಲು ಹಿಡಿಯೋಣ, ಪರಿಹಾರದ ದಾರಿ.

ಅಪ್ಪಯ್ಯ ಅಡಿಕೆ ಮರದಿಂದ ಬಿದ್ದದ್ದು 2024ರ ಕೊನೆ ಕೊಯ್ಲಿನಲ್ಲಿ. ಕೆಲಸದ ವೇಳೆ ಪೆಟ್ಟಾದ ಕಾರ್ಮಿಕನಿಗೆ ಪರಿಹಾರ ಕೊಡಬೇಕೆನ್ನುವ ಕಾನೂನು 1923ರದು. ಮೊದಲು ಅದನ್ನು ಕಾರ್ಮಿಕರ ನಷ್ಟ ಪರಿಹಾರ ಕಾಯ್ದೆ ಅನ್ನುತ್ತಿದ್ದೆವು, ಆಮೇಲೆ ಅದರ ಹೆಸರು ನೌಕರರ ಪರಿಹಾರ ಕಾಯ್ದೆ ಎಂದಾಯಿತು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು ಆ ಹಳೆಯ ಕಾನೂನು ಅದರೊಳಗೆ ಸೇರಿದೆ. ಆದರೆ ಅಪ್ಪಯ್ಯನ ಅಪಘಾತ ಅದಕ್ಕಿಂತ ಹಿಂದಿನದು, ಅವರ ಹಕ್ಕು ಹುಟ್ಟಿದ್ದು ಹಳೆಯ ಕಾನೂನಿನಲ್ಲಿ. ಅದರ ಪ್ರಕಾರ ಅಪಘಾತವಾದ ದಿನದಿಂದ 2 ವರ್ಷದೊಳಗೆ ಅರ್ಜಿ ಹಾಕಬೇಕು. ಇನ್ನೂ ಸಮಯ ಇದೆ, ಆದರೆ ಈ ಮಳೆಗಾಲ ಕಳೆಯಲಿ, ಔಷಧಿ ಹೊಡೆದು ಮುಗಿಯಲಿ ಎಂದು ದಿನ ನೂಕಬೇಡ.

ಅರ್ಜಿ ಎಲ್ಲಿ ಹಾಕುವುದು ಎಂದು ಅಮ್ಮ ಕೇಳುತ್ತಿದ್ದರು. ಬಿದ್ದದ್ದು ಕಿಗ್ಗದ ಕಡೆಯ ತೋಟದಲ್ಲಿ, ಅಂದರೆ ಶೃಂಗೇರಿ ತಾಲ್ಲೂಕು. ನಿಮ್ಮ ಮನೆ ಹರಿಹರಪುರದ ಹತ್ತಿರ, ಕೊಪ್ಪ ತಾಲ್ಲೂಕು. ಅಪಘಾತ ನಡೆದ ಜಾಗವಾದರೂ ಸರಿ, ಅರ್ಜಿದಾರ ವಾಸ ಮಾಡುವ ಜಾಗವಾದರೂ ಸರಿ ಎಂದು ಕಾನೂನೇ ಹೇಳಿದೆ. ಒಂದು ವೇಳೆ ಅಪ್ಪಯ್ಯ ಬಾಳೆಹೊನ್ನೂರಿನಲ್ಲಿ ನಿನ್ನ ಅಕ್ಕನ ಮನೆಯಲ್ಲೇ ಉಳಿಯುವುದಾದರೆ ನರಸಿಂಹರಾಜಪುರವೂ ಆದೀತು. ಮೊದಲೆಲ್ಲ ಈ ಅರ್ಜಿಗಳನ್ನು ಕಾರ್ಮಿಕ ಇಲಾಖೆಯ ಅಧಿಕಾರಿ ಕೇಳುತ್ತಿದ್ದರು. ನಮ್ಮ ರಾಜ್ಯದಲ್ಲಿ ಆ ಅಧಿಕಾರ ಹಿರಿಯ ಸಿವಿಲ್ ನ್ಯಾಯಾಧೀಶರಿಗೆ ಬಂದು ಈಗ ಕೆಲವು ವರ್ಷಗಳಾದವು. ಕಾನೂನಿನ ಭಾಷೆಯಲ್ಲಿ ಅವರೇ ಪರಿಹಾರ ಆಯುಕ್ತರು.

ಇನ್ನು ಆ ವಕೀಲರು ಕೊಟ್ಟ ಕಾರಣ. 'ಖಾಯಂ ಆಳಲ್ಲ' ಎನ್ನುವ ಮಾತಿಗೆ ಹಿಂದೆ ಬೆಲೆ ಇತ್ತು, ಹಂಗಾಮಿ ಕೆಲಸದವರನ್ನು ಹೊರಗಿಡುವ ಮಾತು ಕಾನೂನಿನ ವ್ಯಾಖ್ಯೆಯಲ್ಲೇ ಇತ್ತು. 2000ನೇ ಇಸವಿಯ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದರು. ಇಂದಿಗೂ ಅದೇ ಉತ್ತರ ಕಳಿಸುತ್ತಾರೆ, ಇಂದಿಗೂ ನಮ್ಮವರು ಅದನ್ನು ನಂಬಿ ಸುಮ್ಮನಾಗುತ್ತಾರೆ. ಯಾವ ಯಾವ ಕೆಲಸ ಈ ಕಾನೂನಿನೊಳಗೆ ಬರುತ್ತದೆ ಎನ್ನುವ ಪಟ್ಟಿ ಎರಡನೇ ಅನುಸೂಚಿಯಲ್ಲಿದೆ. ಮರ ಕಡಿಯುವುದು, ಕಾಫಿ ಏಲಕ್ಕಿ ಎಸ್ಟೇಟಿನ ಕೆಲಸ, ತೋಟಕ್ಕೆ ಔಷಧಿ ಹೊಡೆಯುವುದು ಎಲ್ಲ ಅಲ್ಲಿ ಹೆಸರು ಹಿಡಿದೇ ಇವೆ. ಅಪ್ಪಯ್ಯನ ಕೆಲಸ ಬರೀ ಕೊನೆ ತೆಗೆಯುವುದಷ್ಟೇ ಆಗಿರಲಿಲ್ಲ. ಅದೇ ತೋಟದಲ್ಲಿ ಮಳೆಗಾಲಕ್ಕೆ ಮುಂಚೆ ಬೋರ್ಡೋ ಹೊಡೆದವರು, ಬೇಸಿಗೆಯಲ್ಲಿ ಮರಗಸಿ ಮಾಡಿದವರು, ಸಿಲ್ವರ್ ಮರ ಹತ್ತಿ ಮೆಣಸು ಕೊಯ್ದವರು. ಅರ್ಜಿಯಲ್ಲಿ 'ಕೂಲಿ' ಎಂದು ಒಂದು ಪದ ಬರೆದು ಬಿಡಬೇಡಿ. ವರ್ಷದ ಯಾವ ತಿಂಗಳು ಯಾವ ಕೆಲಸ, ಯಾರು ಕರೆದರು, ಯಾರು ಬಟವಾಡೆ ಮಾಡಿದರು, ಎಲ್ಲವನ್ನೂ ಬರೆಸು.

'ಚೇಣಿಗೆ ಕೊಟ್ಟಿತ್ತು' ಎನ್ನುವುದಕ್ಕೂ ಉತ್ತರ ಇದೆ. ತೋಟದವರು ಚೇಣಿದಾರನನ್ನು ತೋರಿಸುತ್ತಾರೆ, ಚೇಣಿದಾರ ಕೊನೆ ತೆಗೆಯುವ ತಂಡದ ಯಜಮಾನನನ್ನು ತೋರಿಸುತ್ತಾನೆ, ಆ ಯಜಮಾನನೂ ಅಪ್ಪಯ್ಯನ ಹಾಗೆ ಮರ ಹತ್ತುವವನೇ. ಕೆಲಸವನ್ನು ಗುತ್ತಿಗೆಗೆ ಕೊಟ್ಟರೂ ಮೂಲ ಮಾಲೀಕನ ಹೊಣೆ ತಪ್ಪದಂತೆ 12ನೇ ಕಲಮು ಇದೆ. ಚೇಣಿಯಲ್ಲಿ ಫಸಲನ್ನೇ ಮಾರಿರುವುದರಿಂದ ಅದು ಹೇಗೆ ಅನ್ವಯಿಸುತ್ತದೆ ಎಂದು ವಾದ ನಡೆಯಬಹುದು, ನಡೆಯಲಿ. ನೀನು ಮಾಡಬೇಕಾದದ್ದು ಇಷ್ಟೇ: ತೋಟದವರು, ಚೇಣಿದಾರ, ಇಬ್ಬರನ್ನೂ ಎದುರುದಾರರನ್ನಾಗಿ ಸೇರಿಸು. ವಿಮೆ ಇದ್ದರೆ ವಿಮಾ ಕಂಪನಿಯನ್ನೂ ಸೇರಿಸು. ಒಬ್ಬರನ್ನು ಬಿಟ್ಟರೆ, ಇದ್ದವರು ಬಿಟ್ಟವರ ಕಡೆ ಬೆರಳು ತೋರಿಸಿ ಪಾರಾಗುತ್ತಾರೆ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ, ಗಮನ ಕೊಟ್ಟು ಕೇಳು. ಆ ಶೇ 35 ಎನ್ನುವ ಅಂಕಿಯನ್ನು ಈ ದಾರಿಯಲ್ಲಿ ತಲೆಯಿಂದ ತೆಗೆದುಹಾಕು.

ವೈದ್ಯರು ಬರೆಯುವ ಶೇಕಡಾವಾರು ದೇಹದ ಲೆಕ್ಕ. ಕೀಲು ಎಷ್ಟು ಮಡಚುತ್ತದೆ, ಕಾಲು ಎಷ್ಟು ಗಿಡ್ಡವಾಯಿತು, ಬೆನ್ನು ಎಷ್ಟು ಬಾಗುತ್ತದೆ ಎನ್ನುವುದು. ಪರಿಹಾರದ ಕಾನೂನು ಕೇಳುವುದು ದುಡಿಮೆಯ ಲೆಕ್ಕ. ಸೊಂಟದ ಮೂಳೆ ಮುರಿದು ಕೂಡಿಕೊಂಡ ಗುಮಾಸ್ತ ಮತ್ತೆ ಕುರ್ಚಿಯಲ್ಲಿ ಕೂತು ಬರೆಯಬಲ್ಲ. ಅದೇ ಪೆಟ್ಟಾದ ಕೊನೆಗಾರ ಮರ ಅಪ್ಪಿ ಹತ್ತಲಾರ, ಒಂದು ಮರದಿಂದ ಇನ್ನೊಂದು ಮರಕ್ಕೆ ದಾಟಲಾರ, ಹೊರೆ ಹೊತ್ತು ಧರೆ ಏರಲಾರ. ಇಬ್ಬರಿಗೂ ಸರ್ಟಿಫಿಕೇಟಿನಲ್ಲಿ ಶೇ 35. ಒಬ್ಬನ ಸಂಪಾದನೆ ಇದ್ದ ಹಾಗೇ ಇದೆ, ಇನ್ನೊಬ್ಬನದು ಪೂರ್ತಿ ನಿಂತಿದೆ.

ಇದು ನನ್ನ ಸ್ವಂತ ವಾದವಲ್ಲ. 1975ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣ ಎಂದು ಒಂದಿದೆ. ಸಿನಿಮಾ ಮಂದಿರದಲ್ಲಿ ಕೆಲಸ ಮಾಡುವಾಗ ಬಿದ್ದ ಬಡಗಿಯೊಬ್ಬ ಎಡಗೈಯನ್ನು ಮೊಣಕೈಗಿಂತ ಮೇಲೆ ಕಳೆದುಕೊಂಡ. ಅನುಸೂಚಿಯ ಪ್ರಕಾರ ಇದು ಭಾಗಶಃ ವೈಕಲ್ಯ ಮಾತ್ರ ಎಂದು ಮಾಲೀಕರು ವಾದಿಸಿದರು. ಒಂದೇ ಕೈಯಲ್ಲಿ ಬಡಗಿ ಕೆಲಸ ಮಾಡಲಾಗದು, ಆದ್ದರಿಂದ ಇದು ಪೂರ್ಣ ವೈಕಲ್ಯವೇ ಎಂದಿತು ನ್ಯಾಯಾಲಯ. ನಮ್ಮ ರಾಜ್ಯದ್ದೇ ಬೇಕೆಂದರೆ ಕೆ. ಜನಾರ್ದನ್ ಪ್ರಕರಣ ನೋಡು. ಟ್ಯಾಂಕರ್ ಚಾಲಕ, ಅಪಘಾತದಲ್ಲಿ ಬಲಗಾಲು ಮೊಣಕಾಲಿನವರೆಗೆ ಹೋಯಿತು. ಆಯುಕ್ತರು ಶೇ 100 ಎಂದರು, ಹೈಕೋರ್ಟ್ ಅದನ್ನು ಶೇ 65ಕ್ಕೆ ಇಳಿಸಿತು, 2008ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಶೇ 100 ಮಾಡಿತು. ಆ ಕಾಲಿಲ್ಲದೆ ಅವರು ಇನ್ನು ಚಾಲಕರಾಗಿರಲಾರರು ಎನ್ನುವುದೇ ಕಾರಣ. 2010ರ ಅಕ್ಟೋಬರಿನ ರಾಜ್‌ಕುಮಾರ್ ಪ್ರಕರಣದಲ್ಲಿ ಇದನ್ನು ಇನ್ನೂ ಬಿಡಿಸಿ ಹೇಳಿದ್ದಾರೆ: ಗಾಯಾಳು ಈಗ ಏನು ಮಾಡಬಲ್ಲ, ಏನು ಮಾಡಲಾರ, ಮುಂಚೆ ಅವನ ಕಸುಬು ಏನಿತ್ತು, ಆ ಕಸುಬನ್ನಾಗಲಿ ಬೇರೆ ಯಾವುದನ್ನಾಗಲಿ ಮಾಡಿ ಬದುಕಬಲ್ಲನೇ. ಅದು ಮೋಟಾರು ಅಪಘಾತದ ಪ್ರಕರಣ, ಆದರೆ ದಾರಿ ಇದೇ.

ದುಡ್ಡಿನಲ್ಲಿ ಇದರ ವ್ಯತ್ಯಾಸ ಎಷ್ಟೆಂದು ನೋಡು. ಶಾಶ್ವತ ಪೂರ್ಣ ವೈಕಲ್ಯಕ್ಕೆ ತಿಂಗಳ ಸಂಬಳದ ಶೇ 60ನ್ನು ವಯಸ್ಸಿನ ಗುಣಕದಿಂದ ಗುಣಿಸಬೇಕು. ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ 2020ರ ಜನವರಿಯಿಂದ 15,000 ರೂಪಾಯಿ. ಅಪ್ಪಯ್ಯನಿಗೆ ಆಗ 45 ವರ್ಷ, ಆ ವಯಸ್ಸಿಗೆ ಗುಣಕ 169.44. ಅಂದರೆ 9,000 ಗುಣಿಸು 169.44, ಒಟ್ಟು 15,24,960 ರೂಪಾಯಿ. ಸರ್ಟಿಫಿಕೇಟಿನ ಶೇ 35ನ್ನೇ ದುಡಿಮೆಯ ನಷ್ಟವೆಂದು ಒಪ್ಪಿಕೊಂಡರೆ ಅದು 5,33,736ಕ್ಕೆ ಇಳಿಯುತ್ತದೆ. ಹತ್ತು ಲಕ್ಷದಷ್ಟು ಅಂತರ ಒಂದೇ ಪ್ರಶ್ನೆಯ ಮೇಲೆ ನಿಂತಿದೆ. ಇದರ ಮೇಲೆ ಆಸ್ಪತ್ರೆಗೆ ನಿಜವಾಗಿ ಖರ್ಚಾದದ್ದನ್ನು ಕೊಡಬೇಕು, ತಡವಾದದ್ದಕ್ಕೆ ವರ್ಷಕ್ಕೆ ಶೇ 12 ಬಡ್ಡಿ ಕೊಡಬೇಕು. ಹಾಗಾಗಿ ಮಣಿಪಾಲದ ಬಿಲ್ಲುಗಳಲ್ಲಿ ಒಂದನ್ನೂ ಕಳೆಯಬೇಡ, ಔಷಧಿ ಅಂಗಡಿಯ ಚೀಟಿಯನ್ನೂ.

ದುಡಿಮೆಯ ನಷ್ಟ ಎಷ್ಟೆಂದು ವೈದ್ಯರು ಸಾಕ್ಷಿ ಕಟ್ಟೆಯಲ್ಲಿ ಹೇಳಬೇಕಾಗುತ್ತದೆ. ಶಸ್ತ್ರಚಿಕಿತ್ಸೆ ಮಾಡಿದವರು ಒಂದು ಜಿಲ್ಲೆಯಲ್ಲಿ, ಸರ್ಟಿಫಿಕೇಟು ಕೊಟ್ಟವರು ಚಿಕ್ಕಮಗಳೂರಿನಲ್ಲಿ, ಕೋರ್ಟು ಇಲ್ಲಿ. ಎಷ್ಟೋ ಪ್ರಕರಣ ಬಡವಾಗುವುದು ಈ ಒಂದು ಸಾಕ್ಷ್ಯ ಆಗದೇ ಹೋಗುವುದರಿಂದ. ವಿಡಿಯೊ ಮೂಲಕ ಸಾಕ್ಷ್ಯ ಪಡೆಯಲು ಈಗ ನಿಯಮಗಳಿವೆ, ಹಾಗೆ ಮಾಡಿಸಿಕೊಡಿ ಎಂದು ವಕೀಲರ ಹತ್ತಿರ ಮೊದಲೇ ಕೇಳು. ವೈದ್ಯರಿಗೆ ಅಪ್ಪಯ್ಯನ ಕೆಲಸ ಏನೆಂದು ವಿವರಿಸುವವರು ಬೇಕು. ಬಯಲುಸೀಮೆಯಲ್ಲಿ ಓದಿ ಬಂದ ವೈದ್ಯರು ಕೊನೆಗಾರನನ್ನು ಕಂಡಿರಲಿಕ್ಕಿಲ್ಲ. ತಳೆ ಹಾಕಿ ಮರ ಹತ್ತುವುದು, ಒಂದೇ ಕಾಲಿನ ಮೇಲೆ ಭಾರ ಬಿಟ್ಟು ಕೊನೆ ಕೊಯ್ದು ಹಗ್ಗದಲ್ಲಿ ಇಳಿಸುವುದು, ಜಾರುವ ಪಾಚಿ, ಇದೆಲ್ಲ ಅವರಿಗೆ ತಿಳಿದರೆ ಮಾತ್ರ ಆ ಸೊಂಟಕ್ಕೆ ಆದ ನಷ್ಟ ಏನೆಂದು ತಿಳಿಯುತ್ತದೆ. ಅಪ್ಪಯ್ಯನ ಜೊತೆ ಮರ ಹತ್ತುತ್ತಿದ್ದ ಒಬ್ಬರನ್ನು ಸಾಕ್ಷಿಯಾಗಿ ಕರೆಸಿ ಇದನ್ನೇ ಹೇಳಿಸು.

ಆಸ್ಪತ್ರೆಯ ಮೊದಲ ಕಾಗದದ ಬಗ್ಗೆ ಹೇಳಲೇಬೇಕು. ಕೇಸ್ ಶೀಟಿನ ಮೊದಲ ಸಾಲಿನಲ್ಲಿ ಪೆಟ್ಟಾದದ್ದು ಹೇಗೆ ಎಂದು ಬರೆದಿರುತ್ತಾರೆ. ನಮ್ಮ ಕಡೆ ಗಾಯಾಳುವನ್ನು ಜೀಪಿಗೆ ಹತ್ತಿಸುವಾಗಲೇ ಯಾರೋ ಹೇಳುತ್ತಾರೆ, 'ಮನೆಯಲ್ಲಿ ಜಾರಿ ಬಿದ್ದದ್ದು ಅನ್ನಿ, ಪೊಲೀಸು ಗಿಲೀಸು ಯಾಕೆ' ಎಂದು. ಆ ಹೊತ್ತಿಗೆ ಅದು ಉಪಕಾರದ ಮಾತಿನಂತೆ ಕೇಳಿಸುತ್ತದೆ. ಎರಡು ವರ್ಷದ ನಂತರ ಅದೇ ಸಾಲನ್ನು ವಿಮಾ ಕಂಪನಿಯ ವಕೀಲರು ಪಾಟಿ ಸವಾಲಿನಲ್ಲಿ ಓದುತ್ತಾರೆ. ಅಪ್ಪಯ್ಯನ ಕಾಗದದಲ್ಲಿ ಏನಿದೆ ಎಂದು ಇವತ್ತೇ ನೋಡು. ಅಡಿಕೆ ಮರದಿಂದ ಬಿದ್ದದ್ದು ಎಂದಿದ್ದರೆ ಅರ್ಧ ಭಾರ ಇಳಿಯಿತು. ಇಲ್ಲದಿದ್ದರೆ ಹೆದರಬೇಡ, ಆದರೆ ಬೇರೆ ಆಧಾರ ಹುಡುಕಬೇಕು: 108 ಆಂಬುಲೆನ್ಸ್ ಕರೆದದ್ದು ಎಲ್ಲಿಗೆ, ಎತ್ತಿಕೊಂಡು ಬಂದವರು ಯಾರು, ಅವತ್ತು ತೋಟದಿಂದ ಯಾರ ಫೋನಿಗೆ ಕರೆ ಹೋಯಿತು.

ಸಂಬಳಕ್ಕೆ ಚೀಟಿ ಇಲ್ಲ ಎಂದು ಚಿಂತೆ ಬೇಡ. ಕೂಲಿ ಕಾರ್ಮಿಕ ರಾಮಚಂದ್ರಪ್ಪ ಎಂಬವರ ಪ್ರಕರಣದಲ್ಲಿ, ಅವರು ಹೇಳಿದ ತಿಂಗಳಿಗೆ 4,500 ರೂಪಾಯಿಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಕೂಲಿಯವರ ಹತ್ತಿರ ದಾಖಲೆ ಇರುವುದಿಲ್ಲ ಎನ್ನುವುದು ನ್ಯಾಯಾಲಯಕ್ಕೆ ಗೊತ್ತಿದೆ. ಆದರೆ ಎಸ್ಟೇಟಿನ ರೈಟರ ಹಾಜರಿ ಪುಸ್ತಕದ ಪುಟ, ಫೋನಿನಲ್ಲಿ ಬಂದ ಬಟವಾಡೆಯ ಸಂದೇಶ ಏನಾದರೂ ಇದ್ದರೆ ಬಿಡಬೇಡ. ಇನ್ನೊಂದು ವಿಷಯ ಗಟ್ಟಿಯಾಗಿ ಹೇಳುತ್ತೇನೆ. ಉದ್ಯೋಗ ಖಾತರಿಯ ಹಾಜರಿಯಲ್ಲಿ ಅಪ್ಪಯ್ಯನ ಹೆಸರು ಹಾಕಲು ಯಾರಿಗೂ ಬಿಡಬೇಡ. ಮನೆಗೆ ನಾಲ್ಕು ಕಾಸು ಬರಲಿ ಎಂದು ಮಾಡಿದರೂ, 'ಇವರು ಗುಂಡಿ ತೋಡುವ ಕೆಲಸಕ್ಕೆ ಹೋಗುತ್ತಿದ್ದಾರೆ' ಎಂದು ಆ ಹಾಜರಿಯನ್ನೇ ಕೋರ್ಟಿನಲ್ಲಿ ಹಾಜರುಪಡಿಸುತ್ತಾರೆ.

ಇದೆಲ್ಲವನ್ನೂ ಮೊದಲ ಕೋರ್ಟಿನಲ್ಲೇ ಮಾಡು ಎಂದು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಇಲ್ಲಿ ಸೋತರೆ ಹೈಕೋರ್ಟಿಗೆ ಮೇಲ್ಮನವಿ ಹೋಗಬಹುದು, 60 ದಿನದ ಅವಧಿ. ಸರಿಯಾದ ಕಾರಣ ಇದ್ದರೆ ತಡವಾದದ್ದನ್ನು ಮನ್ನಿಸುತ್ತಾರೆ. ಆದರೆ 30ನೇ ಕಲಮಿನಡಿ ಹೈಕೋರ್ಟ್ ಕೇಳುವುದು ಕಾನೂನಿನ ಗಂಭೀರ ಪ್ರಶ್ನೆಯನ್ನು ಮಾತ್ರ. ಯಾರು ಹೇಳಿದ್ದು ನಿಜ, ಎಷ್ಟು ವೈಕಲ್ಯ ಎನ್ನುವ ಸಂಗತಿಗಳಲ್ಲಿ ಆಯುಕ್ತರ ಮಾತೇ ಕೊನೆ. ಇದನ್ನು 2016ರಲ್ಲಿ ಗೊಲ್ಲ ರಾಜಣ್ಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಆಯುಕ್ತರು ವೈದ್ಯರ ಸಾಕ್ಷ್ಯ ನೋಡಿ ನಿಗದಿ ಮಾಡಿದ ವೈಕಲ್ಯವನ್ನು ಹೈಕೋರ್ಟ್ ತಾನೇ ತೂಗಿ ಕಡಿಮೆ ಮಾಡಿತ್ತು, ಹಾಗೆ ಮಾಡುವಂತಿಲ್ಲ ಎಂದು ಆಯುಕ್ತರ ಆದೇಶವನ್ನೇ ಎತ್ತಿಹಿಡಿದರು. ಈ ತೀರ್ಪು ಎರಡೂ ಕಡೆಗೆ ಕೆಲಸ ಮಾಡುತ್ತದೆ. ಕೊಪ್ಪದಲ್ಲಿ ಸಾಕ್ಷ್ಯ ಗಟ್ಟಿಯಾಗಿದ್ದರೆ ಬೆಂಗಳೂರಿನಲ್ಲಿ ಅದನ್ನು ಅಲುಗಾಡಿಸುವುದು ಕಷ್ಟ. ಇಲ್ಲಿ ವೈದ್ಯರನ್ನೇ ಕರೆಸದೆ ಬಿಟ್ಟಿದ್ದರೆ ಅಲ್ಲಿ ಅದನ್ನು ಸರಿಪಡಿಸುವುದೂ ಅಷ್ಟೇ ಕಷ್ಟ. 'ಇಲ್ಲಿ ಹೇಗೋ ಆಗಲಿ, ಮೇಲೆ ನೋಡಿಕೊಳ್ಳೋಣ' ಎನ್ನುವವರ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡ. ಆದರೆ ಆಯುಕ್ತರು ಕಸುಬನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಸರ್ಟಿಫಿಕೇಟಿನ ಅಂಕಿಯನ್ನೇ ಎತ್ತಿ ಬರೆದರೆ, ಅಥವಾ ಇದ್ದ ಸಾಕ್ಷ್ಯವನ್ನು ನೋಡದೇ ಬಿಟ್ಟರೆ, ಅದು ಕಾನೂನಿನ ಪ್ರಶ್ನೆಯೇ. ಅದಕ್ಕೆ ಮೇಲ್ಮನವಿ ಹೋಗಲೇಬೇಕು.

ಗೆದ್ದ ಮೇಲೂ ಎಚ್ಚರ ಬೇಕು. ಎದುರಿನವರು ಮೇಲ್ಮನವಿ ಹಾಕಿದರೆ ಬೆಂಗಳೂರಿನಿಂದ ನೋಟಿಸು ಬರುತ್ತದೆ. ಇಂಗ್ಲಿಷಿನಲ್ಲಿದೆ, ದೂರದ ಊರು, ಗೆದ್ದದ್ದು ನಾವೇ ತಾನೇ ಎಂದು ಸುಮ್ಮನಿದ್ದರೆ ನಮ್ಮ ಕಡೆಯವರೇ ಇಲ್ಲದೆ ಮೊತ್ತ ಇಳಿದುಹೋಗಬಹುದು. ಮಾಲೀಕರು ಮೇಲ್ಮನವಿ ಹಾಕಬೇಕಾದರೆ ಪರಿಹಾರದ ಹಣವನ್ನು ಮೊದಲು ಠೇವಣಿ ಇಡಬೇಕು, ಆ ದುಡ್ಡು ಎಲ್ಲಿಗೂ ಹೋಗುವುದಿಲ್ಲ. ನಮ್ಮ ಜಿಲ್ಲೆ ಬೆಂಗಳೂರಿನ ಪ್ರಧಾನ ಪೀಠಕ್ಕೆ ಸೇರಿದ್ದು, ವಿಡಿಯೊ ಮೂಲಕ ವಿಚಾರಣೆ ನಡೆಯುವುದರಿಂದ ಪ್ರತಿ ದಿನಾಂಕಕ್ಕೂ ರಾತ್ರಿ ಬಸ್ಸು ಹತ್ತಬೇಕಾಗಿಲ್ಲ. ವಕಾಲತ್ತು ಮಾತ್ರ ತಪ್ಪಬಾರದು.

ಇದಕ್ಕಿಂತ ಕಷ್ಟದ್ದು ಒಂದಿದೆ, ಅದು ಊರಿನೊಳಗಿನ ಮುಖ. ತೋಟದವರು ದೊಡ್ಡ ಸಾಹುಕಾರರೇನಲ್ಲ. ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗ ಬಂದು ಎಷ್ಟು ತೋಟ ಬರಿದಾಗಿದೆ ಎಂದು ನಿನಗೂ ಗೊತ್ತು. ಎರಡೆಕರೆಯವರ ಮೇಲೆ ಕೇಸು ಹಾಕುವುದೇ ಎಂದು ಅಮ್ಮ ಕಣ್ಣೀರು ಹಾಕಿದರು. ಅವರ ಮನಸ್ಸು ದೊಡ್ಡದು. ಆದರೂ ನಾನು ಹೇಳುವುದು ಇದು: ಹೋಗಿ ಮಾತಾಡು, ಮರ್ಯಾದೆಯಿಂದ ಮಾತಾಡು. ನೋಟಿಸು ಕೊಡುವ ಮುಂಚೆ ಮನೆಗೆ ಹೋಗಿ ಹೇಳುವುದು ನಮ್ಮ ಕಡೆಯ ರೀತಿ. ಅವರ ಹತ್ತಿರ ಕೆಲಸಗಾರರ ವಿಮೆ ಇದೆಯೋ, ಚೇಣಿದಾರನ ಹತ್ತಿರ ಇದೆಯೋ ಕೇಳು. ಇದ್ದರೆ ಅವರಿಗೂ ಹಗುರ. ಇಲ್ಲದಿದ್ದರೂ ಲೋಕ ಅದಾಲತ್ತಿನಲ್ಲಿ ಕೂತು ಇಬ್ಬರೂ ಬದುಕುವ ಹಾಗೆ ಮೊತ್ತ, ಕಂತು ಮಾಡಿಕೊಳ್ಳಬಹುದು. ಆದರೆ ಜಗಲಿಯ ಮೇಲೆ ಕೂತು ಐವತ್ತು ಸಾವಿರ ಎಣಿಸಿ ಕೊಟ್ಟು 'ಇನ್ನೇನೂ ಹಕ್ಕಿಲ್ಲ' ಎಂದು ಬರೆದ ಛಾಪಾ ಕಾಗದಕ್ಕೆ ಅಪ್ಪಯ್ಯನ ಹೆಬ್ಬೆಟ್ಟು ಹಾಕಿಸಬೇಡ. ಹಕ್ಕು ಬಿಟ್ಟುಕೊಟ್ಟೆ ಎನ್ನುವ ಅಂಥ ಕರಾರು 17ನೇ ಕಲಮಿನ ಪ್ರಕಾರ ಅಸಿಂಧು. ರಾಜಿ ಆದರೆ ಅದು ಆಯುಕ್ತರ ಮುಂದೆ ನೋಂದಣಿ ಆಗಬೇಕು, ಮೊತ್ತ ತೀರಾ ಕಡಿಮೆ ಎನಿಸಿದರೆ ಅವರು ಒಪ್ಪದಿರಬಹುದು. ಈಗಾಗಲೇ ಯಾವುದಾದರೂ ಕಾಗದಕ್ಕೆ ಸಹಿ ಹಾಕಿದ್ದರೆ ಮುಚ್ಚಿಡದೆ ವಕೀಲರಿಗೆ ಹೇಳು.

ಇನ್ನು ಮಾಸಾಶನದ ಕಾಗದ. ಇಲ್ಲಿ ಮಾತ್ರ ಆ ಶೇಕಡಾ ಅಂಕಿ ನಿಜವಾಗಿ ಬೇಕು. ನಮ್ಮ ರಾಜ್ಯದಲ್ಲಿ ಶೇ 40ರಿಂದ ಮಾಸಾಶನ ಶುರು, ಶೇ 75 ದಾಟಿದರೆ ಮೊತ್ತ ಹೆಚ್ಚು. ನಿನ್ನ ಅಪ್ಪಯ್ಯನ ಸರ್ಟಿಫಿಕೇಟು ನೋಡಿದೆ, ಕಾಲು ಸೊಂಟದ್ದು ಮಾತ್ರ ಬರೆದಿದ್ದಾರೆ. ಬಿದ್ದಾಗ ತಲೆಗೆ ಪೆಟ್ಟಾಗಿ ಎಡಗಿವಿ ಮಂದವಾದದ್ದು ಅದರಲ್ಲಿಲ್ಲ. ಒಬ್ಬರಿಗೆ ಎರಡು ಬಗೆಯ ವೈಕಲ್ಯ ಇದ್ದರೆ ಕೂಡಿಸುವ ಸೂತ್ರ ಒಂದಿದೆ: 90ರಲ್ಲಿ ದೊಡ್ಡ ಅಂಕಿಯನ್ನು ಕಳೆದು, ಉಳಿದದ್ದನ್ನು ಸಣ್ಣ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಅಂಕಿಗೆ ಸೇರಿಸಬೇಕು. ಕಿವಿಗೆ ಶೇ 15 ಬಂದರೂ 35ಕ್ಕೆ 9ಕ್ಕಿಂತ ಸ್ವಲ್ಪ ಹೆಚ್ಚು ಸೇರಿ 44 ದಾಟುತ್ತದೆ. ಶೇ 35 ಎಂದು ಬಂದದ್ದರಲ್ಲಿ ವೈದ್ಯರ ತಪ್ಪೇನೂ ಇಲ್ಲ, ಮೂಳೆ ವೈದ್ಯರು ಮೂಳೆ ನೋಡಿದರು, ಕಿವಿಯ ವಿಷಯ ಯಾರೂ ಹೇಳಲಿಲ್ಲ. ಕಿವಿ ಮೂಗು ಗಂಟಲು ವೈದ್ಯರ ಹತ್ತಿರ ಶ್ರವಣ ಪರೀಕ್ಷೆ ಮಾಡಿಸಿ ಮರು ಮೌಲ್ಯಮಾಪನ ಕೇಳು. ಅದನ್ನೂ ನಿರಾಕರಿಸಿದರೆ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 59ನೇ ಕಲಮಿನಡಿ ಪ್ರಮಾಣಪತ್ರದ ತೀರ್ಮಾನದ ಮೇಲೇ ಮೇಲ್ಮನವಿ ಇದೆ. ನಿಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಈ ಫಾರಂಗಳೆಲ್ಲ ಗೊತ್ತಿರುತ್ತವೆ, ಯುಡಿಐಡಿ ಕಾರ್ಡಿನ ತಿದ್ದುಪಡಿಯನ್ನೂ ಅವರ ಹತ್ತಿರವೇ ಕೇಳು.

ಹೊಸ ಅರ್ಜಿ ಕೊಟ್ಟಾಗ ಸಕಾಲದ ಸ್ವೀಕೃತಿ ತೆಗೆದುಕೊಳ್ಳದೆ ಕಿಟಕಿ ಬಿಟ್ಟು ಬರಬೇಡ. ಅದರಲ್ಲಿರುವ 15 ಅಂಕಿಯ ಸಂಖ್ಯೆ ಇದ್ದರೆ ತಡವಾದರೂ, ಕಾರಣವಿಲ್ಲದೆ ತಿರಸ್ಕರಿಸಿದರೂ ಮೇಲಿನ ಅಧಿಕಾರಿಗೆ ಮೇಲ್ಮನವಿ ಹೋಗಬಹುದು. ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವೂ ಇದೆ. ಮೊತ್ತ ಸಣ್ಣದು, ಆದರೆ ಆ ಸಂಖ್ಯೆ ಇರುವ ಅರ್ಜಿ ಕಳೆದುಹೋಗುವುದಿಲ್ಲ. ನಮ್ಮ ಮೂರೂ ತಾಲ್ಲೂಕು ಬರುವುದು ತರೀಕೆರೆ ಉಪವಿಭಾಗಾಧಿಕಾರಿಗಳ ಕೆಳಗೆ. ಅಲ್ಲಿಗೂ ಆಗದಿದ್ದರೆ ಬೆಂಗಳೂರಿನಲ್ಲಿ ವಿಕಲಚೇತನರ ರಾಜ್ಯ ಆಯುಕ್ತರಿದ್ದಾರೆ, ಅವರಿಗೆ ಅಧಿಕಾರಿಗಳನ್ನು ಕರೆಸಿ ಕೇಳುವ, ದಾಖಲೆ ತರಿಸುವ ಸಿವಿಲ್ ಕೋರ್ಟಿನ ಅಧಿಕಾರ ಇದೆ. ಅಂಚೆಯಲ್ಲಿ ಬರೆದು ಕಳಿಸಿದರೂ ದೂರು ದೂರೇ. ಇದಾವುದರಲ್ಲೂ ನ್ಯಾಯ ಸಿಗದಿದ್ದಾಗ ಹೈಕೋರ್ಟಿಗೆ ರಿಟ್ ಅರ್ಜಿ. ಅಷ್ಟು ದೂರ ಹೋಗಬೇಕಾಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ, ಶ್ರವಣ ಪರೀಕ್ಷೆಯಲ್ಲೇ ಇದು ಬಗೆಹರಿಯಬೇಕು.

ದಾರಿ ಮಧ್ಯೆ ಇನ್ನೊಂದು. ನಿನ್ನ ಅಕ್ಕನ ಮನೆಯವರು ಕೆಲಸದವರ ಜೊತೆ ಪಿಕಪ್ಪಿನಲ್ಲಿ ಓಡಾಡುತ್ತಾರಂತೆ. ವಾಹನದ ಅಪಘಾತವಾದರೆ ಅದರ ನ್ಯಾಯಮಂಡಳಿ ಬೇರೆ, ಮತ್ತು 2022ರ ಏಪ್ರಿಲ್‌ನಿಂದ ಅಲ್ಲಿ ಅರ್ಜಿಗೆ 6 ತಿಂಗಳ ಗಡುವು ಬಂದಿದೆ. ಅಲ್ಲಿನ ತೀರ್ಪಿನ ಮೇಲೆ ಹೈಕೋರ್ಟಿಗೆ 90 ದಿನ. ಇದು ಎಷ್ಟೋ ಮನೆಗಳಿಗೆ ಇನ್ನೂ ಗೊತ್ತಿಲ್ಲ, ಅಕ್ಕನ ಕಿವಿಗೆ ಹಾಕಿಡು.

ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ನೀನು ಹಿಂಜರಿಯುತ್ತಿರುವುದು ನನಗೆ ಗೊತ್ತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿ ವೈಕಲ್ಯ ಇರುವವರು, ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಇವರೆಲ್ಲರಿಗೂ ಆದಾಯ ಎಷ್ಟೆಂದು ನೋಡದೆ ಉಚಿತ ವಕೀಲರನ್ನು ಕೊಡಬೇಕೆಂದಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟಿನ ಆವರಣದಲ್ಲೇ ಇರುತ್ತದೆ, ದೂರವಾಣಿಯಲ್ಲಿ ಕೇಳುವುದಾದರೆ 15100. ಹೈಕೋರ್ಟಿಗೆ ಹೋಗಬೇಕಾದರೆ ಅಲ್ಲಿಯೂ ಅಂಥ ಸಮಿತಿ ಇದೆ. ಖಾಸಗಿ ವಕೀಲರನ್ನೇ ಇಟ್ಟುಕೊಂಡರೂ 'ಬಂದ ದುಡ್ಡಿನಲ್ಲಿ ಇಷ್ಟು ಪಾಲು' ಎನ್ನುವ ಕರಾರಿಗೆ ಒಪ್ಪಬೇಡ. ವಕೀಲರ ಪರಿಷತ್ತಿನ ನಿಯಮ ಅದನ್ನು ಒಪ್ಪುವುದಿಲ್ಲ, ಒಳ್ಳೆಯ ವಕೀಲರು ಅದನ್ನು ಕೇಳುವುದೂ ಇಲ್ಲ.

ಸೋಮವಾರ ಸಂತೆಗೆ ಬರುವಾಗ ಅಮ್ಮನನ್ನೂ ಕರೆದುಕೊಂಡು ಬಾ. ಹಿಂಬರಹ, ವಕೀಲರ ಉತ್ತರ, ಆಸ್ಪತ್ರೆಯ ಮೊದಲ ಚೀಟಿಯಿಂದ ಕೊನೆಯ ಡಿಸ್ಚಾರ್ಜ್ ಕಾಗದದವರೆಗೆ, ಸ್ಕ್ಯಾನ್ ಫಿಲ್ಮು, ಅಪ್ಪಯ್ಯನ ಆಧಾರ್, ವಯಸ್ಸಿಗೆ ಶಾಲೆಯ ದಾಖಲೆ ಇದ್ದರೆ ಅದು, ಎಲ್ಲದರ ಎರಡೆರಡು ನಕಲು ಮಾಡಿಸು, ಮೂಲ ಪ್ರತಿ ಯಾರಿಗೂ ಕೊಡಬೇಡ. ಅಪ್ಪಯ್ಯನ ಜೊತೆ ಮರ ಹತ್ತುತ್ತಿದ್ದವರ ಹತ್ತಿರ ಮುಂಚೆಯೇ ಮಾತಾಡಿಟ್ಟಿರು, ಸಾಕ್ಷಿ ಹೇಳಲು ಅವರಿಗೆ ತೋಟದವರ ಭಯ ಇದ್ದರೆ ನಾನೇ ಬಂದು ಮಾತಾಡುತ್ತೇನೆ. ಹನ್ನೊಂದು ಗಂಟೆಯ ಹೊತ್ತಿಗೆ ಸೇವಾ ಸಮಿತಿಯ ಕಚೇರಿಯ ಹತ್ತಿರ ಇರುತ್ತೇನೆ, ಅರ್ಜಿಯ ಕರಡನ್ನು ಅಲ್ಲೇ ಕೂತು ಬರೆಯೋಣ.